ಕಡಿಮೆ ಖರ್ಚಿನಲ್ಲಿ ಟೂ ವೀಲ್ ಡ್ರೈವ್ ಎಸ್‌ಯುವಿ ಎತ್ತರಿಸಬೇಕು: ಮೊದಲು ಲಿಫ್ಟೋ, ಟೈರೋ?

ಕೆಮ್ಮಣ್ಣು:
ಎಲ್ಲರಿಗೂ ನಮಸ್ಕಾರ. ನನ್ನದು ಲ್ಯಾಡರ್ ಚಾಸಿಸ್ ಇರುವ ಹಳೇ ಎಸ್‌ಯುವಿ. ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. ಮುಂದೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುವ ಸಸ್ಪೆನ್ಷನ್), ಕಾಯಿಲ್ ಸ್ಪ್ರಿಂಗ್. ಹಿಂದೆ ಇಡೀ ಆ್ಯಕ್ಸಲ್, ಅದಕ್ಕೂ ಕಾಯಿಲ್ ಸ್ಪ್ರಿಂಗೇ. ಟೈರ್ ಅಳತೆ 265/65 ಆರ್17. ಟೈರ್ ಸವೆದಿವೆ, ಹೇಗೂ ಬದಲಾಯಿಸಲೇಬೇಕು.

ಓಡಾಟ ಜಾಸ್ತಿ ಟಾರ್ ರಸ್ತೆಯಲ್ಲೇ. ಆದರೆ ಆಗಾಗ ಮಣ್ಣು ದಾರಿ, ಜಲ್ಲಿ, ಕಲ್ಲಿನ ಏರು ಸಿಗುತ್ತದೆ. ತೊಂದರೆ ಎರಡು. ಒಂದು, ದಿಬ್ಬ ದಾಟುವಾಗ ಹೊಟ್ಟೆ ಉಜ್ಜುತ್ತದೆ. ಇನ್ನೊಂದು, ಒದ್ದೆ ಏರಿನಲ್ಲಿ ಹಿಂದಿನ ಒಂದು ಚಕ್ರ ಸುಮ್ನೆ ಸುತ್ತುತ್ತಾ ನಿಂತುಬಿಡುತ್ತದೆ. 2 ಇಂಚಿನ ಲಿಫ್ಟ್ (ಸಸ್ಪೆನ್ಷನ್ ಎತ್ತರಿಸುವುದು) ಮತ್ತು 265/70 ಆರ್17 ಟೈರ್ ಹಾಕಿಸುವ ಯೋಚನೆ ಇದೆ. ಕೈಯಲ್ಲಿರುವ ಹಣಕ್ಕೆ ಎರಡರಲ್ಲಿ ಒಂದನ್ನು ಮಾತ್ರ ಚೆನ್ನಾಗಿ ಮಾಡಬಹುದು. ಯಾವುದನ್ನು ಮೊದಲು ಮಾಡಲಿ?

ಹಳೇ ಸ್ಪ್ಯಾನರ್:
ಏನನ್ನೂ ಕೊಳ್ಳುವ ಮೊದಲು ಗಾಡಿಯ ಕೆಳಗೆ ಟಾರ್ಚ್ ಹಾಕಿ ನೋಡಿ. ಉಜ್ಜಿದ ಗುರುತು ಎಲ್ಲಿದೆ? ಗೇರ್‌ಬಾಕ್ಸ್ ಹಿಂದಿನ ಅಡ್ಡಪಟ್ಟಿಯ ಮೇಲೋ, ಹಿಂದಿನ ಆ್ಯಕ್ಸಲ್ ಹೌಸಿಂಗಿನ (ಆ್ಯಕ್ಸಲ್, ಡಿಫರೆನ್ಷಿಯಲ್ ಒಳಗಿರುವ ಕವಚ) ಮೇಲೋ? ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಸ್ಪ್ರಿಂಗ್ ಎತ್ತರಿಸಿದರೆ ಚಾಸಿಸ್ ಮೇಲೇಳುತ್ತದೆ. ಹಿಂದಿನ ಹೌಸಿಂಗ್ ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಅದು ಚಕ್ರದ ಜೊತೆಯೇ ಇರುತ್ತದಲ್ಲ. ಹೌಸಿಂಗನ್ನು ನೆಲದಿಂದ ಎತ್ತುವುದು ಟೈರ್ ಮಾತ್ರ, ಅದೂ ವ್ಯಾಸ ಎಷ್ಟು ಹೆಚ್ಚಿತೋ ಅದರ ಅರ್ಧ. ಲೆಕ್ಕ ನೋಡಿ: 265/65 ಆರ್17 ರ ವ್ಯಾಸ ಸುಮಾರು 776 ಮಿ.ಮೀ., 265/70 ಆರ್17 ರದ್ದು ಸುಮಾರು 803 ಮಿ.ಮೀ. ವ್ಯತ್ಯಾಸ 27, ಅದರ ಅರ್ಧ 13 ಮಿ.ಮೀ. ಚಿಲ್ಲರೆ. ಕಡಿಮೆ ಅನ್ನಿಸಬಹುದು, ಆದರೆ ಎಷ್ಟು ದೊಡ್ಡ ಲಿಫ್ಟ್ ಕಿಟ್ ಹಾಕಿದರೂ ಈ 13 ಸಿಗುವುದಿಲ್ಲ.

ಇನ್ನು ಅಡ್ಡ ದಿಬ್ಬಕ್ಕೆ ಹೊಟ್ಟೆ ತಗುಲುವ ವಿಷಯ. ಅಲ್ಲಿ ಲಿಫ್ಟ್ ನಿಜಕ್ಕೂ ಕೆಲಸ ಮಾಡುತ್ತದೆ. ವೀಲ್‌ಬೇಸ್ 2700 ಮಿ.ಮೀ., ನಡುಹೊಟ್ಟೆಯ ಕೆಳಗೆ 200 ಮಿ.ಮೀ. ಜಾಗ ಇದ್ದರೆ ದಿಬ್ಬ ದಾಟುವ ಕೋನ ಸುಮಾರು 17 ಡಿಗ್ರಿ. ಅದೇ ಜಾಗ 250 ಆದರೆ 21 ಡಿಗ್ರಿ. ಇದು ದೊಡ್ಡ ವ್ಯತ್ಯಾಸವೇ.

ನೀಲಿ ಜೀಪು:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಣ್ಣ? ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ) ಮೇಲೆ ಸ್ಪೇಸರ್, ಅಂದರೆ ಎತ್ತರ ಕೊಡುವ ದಪ್ಪ ಬಿಲ್ಲೆ, ಹಿಂದೆ ಸ್ಪ್ರಿಂಗ್ ಕೆಳಗೆ ಸ್ಪೇಸರ್. ಕಡಿಮೆ ಖರ್ಚು, ಒಂದೇ ದಿನದ ಕೆಲಸ. ಉಳಿದ ಹಣದಲ್ಲಿ ಟೈರ್ ಬರುತ್ತದೆ. ನನ್ನ ಗಾಡಿಯಲ್ಲಿ ಹಾಗೇ ಇದೆ, ಓಡುತ್ತಿದೆ.

ಹಳೇ ಸ್ಪ್ಯಾನರ್:
@ನೀಲಿ ಜೀಪು, ಸ್ಪೇಸರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎಲ್ಲಿ, ಎಷ್ಟು ದಪ್ಪದ್ದು ಅನ್ನುವುದು ಮುಖ್ಯ. ಡಬಲ್ ವಿಶ್‌ಬೋನ್‌ನಲ್ಲಿ ಶಾಕ್ ಕೂರುವುದು ಕೆಳಗಿನ ಆರ್ಮ್‌ನ ನಡುವಿನಲ್ಲಿ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಅದರ ಸುಮಾರು ಎರಡರಷ್ಟು ಲಿಫ್ಟ್ ಬರುತ್ತದೆ. ಇದು ಗೊತ್ತಿಲ್ಲದೆ 50 ಮಿ.ಮೀ. ಸ್ಪೇಸರ್ ತಂದು ಹಾಕಿಸುವವರಿದ್ದಾರೆ. ಆಮೇಲೆ ಮೇಲಿನ ಆರ್ಮ್ ಸ್ಪ್ರಿಂಗಿಗೆ ತಾಗುತ್ತದೆ, ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ತನ್ನ ಕೊನೆಯ ಕೋನಕ್ಕೆ ಹೋಗಿ ನಿಲ್ಲುತ್ತದೆ.

ಸ್ಪೇಸರಿನಲ್ಲಿ ಎರಡು ಬಗೆ. ಒಂದು ಶಾಕಿನ ಮೇಲ್ತಟ್ಟೆ ಮತ್ತು ಚಾಸಿಸ್ ನಡುವೆ ಕೂರುತ್ತದೆ. ಇಡೀ ಶಾಕ್ ಕೆಳಗೆ ಇಳಿಯುವುದರಿಂದ ಚಕ್ರ ಮೊದಲಿಗಿಂತ ಕೆಳಗೆ ಜೋತು ಬೀಳುತ್ತದೆ. ಬಾಲ್ ಜಾಯಿಂಟಿಗೆ ಕಷ್ಟ ಕೊಡುವುದು ಇದೇ. ಇನ್ನೊಂದು ಸ್ಪ್ರಿಂಗ್ ಮತ್ತು ಅದರ ತಟ್ಟೆಯ ನಡುವೆ ಕೂತು ಸ್ಪ್ರಿಂಗನ್ನು ಮೊದಲೇ ಒತ್ತಿ ಹಿಡಿಯುತ್ತದೆ. ಇಲ್ಲಿ ಶಾಕಿನ ಉದ್ದ ಅಷ್ಟೇ ಇರುತ್ತದೆ, ಗಾಡಿ ಮಾತ್ರ ಮೇಲೆ ನಿಲ್ಲುತ್ತದೆ. ಅಂದರೆ ಚಕ್ರ ಗುಂಡಿಗೆ ಇಳಿಯಲು ಉಳಿದ ಜಾಗ ಕಡಿಮೆ. ಗುಂಡಿ ಬಂದಾಗ ಶಾಕ್ ಪೂರ್ತಿ ಎಳೆದುಕೊಂಡು "ಟಕ್" ಅನ್ನುತ್ತದೆ. ಜನ "ಸ್ಪ್ರಿಂಗ್ ಗಟ್ಟಿಯಾಯಿತು" ಅನ್ನುತ್ತಾರೆ. ನಿಜವಾಗಿ ಸ್ಪ್ರಿಂಗ್ ಅದೇ, ಕೆಳಮುಖ ಓಟ ಮುಗಿದಿರುತ್ತದೆ ಅಷ್ಟೇ.

ಇನ್ನೂ ಒಂದು ದಾರಿ ಇದೆ. ಬಿಲ್‌ಸ್ಟೈನ್ 5100 ತರಹದ ಕೆಲವು ಮುಂದಿನ ಶಾಕ್‌ಗಳಲ್ಲಿ ಸ್ಪ್ರಿಂಗ್ ತಟ್ಟೆಯನ್ನು ಮೇಲೆ ಕೆಳಗೆ ಕೂರಿಸಲು ಉಂಗುರ ಕೂರುವ ಗೆರೆಗಳು ಇರುತ್ತವೆ. ಶಾಕ್ ಹೇಗೂ ಸತ್ತಿದ್ದರೆ, ಹೊಸ ಶಾಕ್ ಮತ್ತು ಸ್ವಲ್ಪ ಎತ್ತರ ಎರಡೂ ಒಂದೇ ಖರ್ಚಿನಲ್ಲಿ ಬರುತ್ತವೆ. ಆದರೆ ಇಲ್ಲೂ ಮೇಲಿನ ಗೆರೆಗೆ ಹೋದಷ್ಟೂ ಕೆಳಮುಖ ಓಟ ಕಡಿಮೆಯೇ.

@ಕೆಮ್ಮಣ್ಣು, ನಿಮ್ಮ ಗಾಡಿಯಲ್ಲಿ ಒಂದು ಅನುಕೂಲ ಇದೆ. ಮುಂದೆ ಡ್ರೈವ್ ಇಲ್ಲ. ಅಂದರೆ ಕೋನ ಹೆಚ್ಚಾಗಿ ಹಾಳಾಗಲು ಮುಂಚಕ್ರ ತಿರುಗಿಸುವ ಸಿವಿ ಶಾಫ್ಟೂ ಇಲ್ಲ, ಕೆಳಗೆ ಇಳಿಸಬೇಕಾದ ಮುಂದಿನ ಡಿಫರೆನ್ಷಿಯಲ್ಲೂ ಇಲ್ಲ. ಫೋರ್ ವೀಲ್ ಡ್ರೈವ್‌ನವರಿಗೆ ಇರುವ ಅರ್ಧ ತಲೆನೋವು ನಿಮಗಿಲ್ಲ. ನಿಮ್ಮ ಮಿತಿ ಬಾಲ್ ಜಾಯಿಂಟ್, ಬ್ರೇಕ್ ಹೋಸ್ ಮತ್ತು ಅಲೈನ್‌ಮೆಂಟ್.

ತೇವದ ಏರು:
ಚರ್ಚೆಯೆಲ್ಲ ಎತ್ತರದ ಕಡೆಗೇ ಹೋಗುತ್ತಿದೆ. ಅವರ ಎರಡನೇ ತೊಂದರೆ ಚಕ್ರ ಸುತ್ತುವುದು. ಅದಕ್ಕೆ ಲಿಫ್ಟ್‌ನಿಂದ ಏನೂ ಪ್ರಯೋಜನವಿಲ್ಲ.

ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಚು ಬಲವನ್ನೇ ಕೊಡುತ್ತದೆ. ಒಂದು ಚಕ್ರಕ್ಕೆ ಹಿಡಿತ ಇಲ್ಲದಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಬಹಳ ಕಡಿಮೆ. ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ, ಹಾಗಾಗಿ ಗಾಡಿ ನಿಲ್ಲುತ್ತದೆ. ಫೋರ್ ವೀಲ್ ಡ್ರೈವ್‌ಗೆ ಮುಂದಿನ ಎರಡು ಚಕ್ರಗಳ ಆಸರೆ ಇರುತ್ತದೆ. ನಮಗೆ ಇರುವುದೇ ಎರಡು ಟೈರ್ ನೆಲಕ್ಕೆ ತಾಗುವ ಜಾಗ. ಅದನ್ನು ಎಷ್ಟು ಚೆನ್ನಾಗಿ ಇಟ್ಟುಕೊಳ್ಳುತ್ತೇವೋ ಅಷ್ಟೇ ದೂರ ಹೋಗುತ್ತೇವೆ. ಅದಕ್ಕೇ ನಾನು ಟೂ ವೀಲ್ ಡ್ರೈವ್‌ನವರಿಗೆ ಯಾವಾಗಲೂ ಹೇಳುವುದು: ಹಣ ಮೊದಲು ಟೈರಿಗೆ, ಆಮೇಲೆ ಒಂದು ಒಳ್ಳೆಯ ಗಾಳಿ ಪಂಪಿಗೆ, ಉಳಿದರೆ ಎತ್ತರಕ್ಕೆ.

ಗಾಳಿ ಇಳಿಸುವುದನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ರಸ್ತೆಯಲ್ಲಿ 35 ಪಿಎಸ್‌ಐ ಇರುವ ಟೈರನ್ನು ಮಣ್ಣು, ಕಲ್ಲಿನ ದಾರಿಯಲ್ಲಿ 20ರ ಆಸುಪಾಸಿಗೆ ಇಳಿಸಿ ನೋಡಿ. ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಟೈರ್ ಕಲ್ಲಿನ ಆಕಾರಕ್ಕೆ ಬಾಗಿ ಹಿಡಿಯುತ್ತದೆ, ಒಳಗೆ ಕುಲುಕಾಟವೂ ಕಡಿಮೆ. ವೇಗ ಮಾತ್ರ ನಿಧಾನವಾಗಿರಲಿ, ಸ್ಟೀರಿಂಗ್ ಜೋರಾಗಿ ತಿರುಗಿಸಬೇಡಿ. ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿದು ಹಿಡಿಯುವ ಉಂಗುರ) ಇಲ್ಲದ ರಿಮ್ಮಿನಲ್ಲಿ 15ಕ್ಕಿಂತ ಕೆಳಗೆ ಹೋದರೆ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು. ಟಾರ್ ಸಿಕ್ಕ ಕೂಡಲೇ ಗಾಳಿ ತುಂಬಲೇಬೇಕು, ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟೈರ್ ಒಳಗಿನಿಂದ ಬಿಸಿಯಾಗಿ ಹಾಳಾಗುತ್ತದೆ. ಹಾಗಾಗಿ ಪಂಪ್ ಇಲ್ಲದೆ ಗಾಳಿ ಇಳಿಸಬೇಡಿ.

ಇನ್ನು ಟ್ರ್ಯಾಕ್ಷನ್ ಕಂಟ್ರೋಲ್. ಕೆಲವು ಗಾಡಿಗಳಲ್ಲಿ ಅದು ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುತ್ತದೆ. ಅದು ಉಪಕಾರವೇ. ಕೆಲವು ಕಡೆ ಎಂಜಿನ್ನಿನ ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ, ಏರಿನ ನಡುವೆ ಗಾಡಿ ಉಸಿರು ಬಿಡುತ್ತದೆ. ನಿಮ್ಮದು ಹೇಗೆ ನಡೆದುಕೊಳ್ಳುತ್ತದೆ ಅಂತ ಸಣ್ಣ ಏರಿನಲ್ಲಿ ಆನ್, ಆಫ್ ಎರಡರಲ್ಲೂ ನೋಡಿಕೊಳ್ಳಿ.

ಕೆಮ್ಮಣ್ಣು:
ಎಲ್ಲರಿಗೂ ಧನ್ಯವಾದ. ಕೆಳಗೆ ಮಲಗಿ ನೋಡಿದೆ. ಗುರುತು ಜಾಸ್ತಿ ಇರುವುದು ಗೇರ್‌ಬಾಕ್ಸ್ ಹಿಂದಿನ ಅಡ್ಡಪಟ್ಟಿಯ ಮೇಲೆ. ಹೌಸಿಂಗಿನ ಕೆಳಗೂ ಸ್ವಲ್ಪ ಇದೆ.

ಸ್ಪ್ಯಾನರ್ ಸರ್, ಎತ್ತರ ಅಳೆಯುವುದು ಹೇಗೆ? ನನ್ನ ಗಾಡಿ ಮುಂದೆ ತಗ್ಗಿದಂತೆ ಕಾಣುತ್ತದೆ.

ಹಳೇ ಸ್ಪ್ಯಾನರ್:
ನೆಲದಿಂದ ಅಳೆಯಬೇಡಿ, ಟೈರಿನ ಸವೆತ, ಗಾಳಿ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಅಳೆಯಿರಿ. ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಅದೇ ಮಾಡೆಲ್‌ನ ಸ್ಪ್ರಿಂಗ್ ಚೆನ್ನಾಗಿರುವ ಇನ್ನೊಂದು ಗಾಡಿ ಸಿಕ್ಕರೆ ಅದನ್ನೂ ಅಳೆಯಿರಿ.

ಕೆಮ್ಮಣ್ಣು:
ಪರಿಚಯದವರೊಬ್ಬರ ಅದೇ ಮಾಡೆಲ್ ಗಾಡಿಗೆ ಈಚೆಗೆ ಕಂಪನಿ ಸ್ಪ್ರಿಂಗ್ ಹಾಕಿಸಿದ್ದಾರೆ. ಅದಕ್ಕೆ ಹೋಲಿಸಿದರೆ ನನ್ನದು ಮುಂದೆ ಸುಮಾರು 25 ಮಿ.ಮೀ. ಕೆಳಗಿದೆ. ಡ್ರೈವರ್ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಹಿಂದೆ ಸುಮಾರು 15. ಬಂಪರ್ ಒತ್ತಿ ಬಿಟ್ಟರೆ ಎರಡು ಮೂರು ಸಲ ಕುಣಿಯುತ್ತದೆ.

ಹಳೇ ಸ್ಪ್ಯಾನರ್:
ನೋಡಿ, ಇದು ಬಹಳ ಮುಖ್ಯವಾದ ಅಳತೆ. ನೀವು ಕೇಳುತ್ತಿರುವ 2 ಇಂಚಿನಲ್ಲಿ ಒಂದು ಇಂಚು ನಿಮ್ಮ ಗಾಡಿ ಕಳೆದುಕೊಂಡಿರುವುದೇ. ಕುಸಿದ ಸ್ಪ್ರಿಂಗಿನ ಮೇಲೆ ಸ್ಪೇಸರ್ ಇಟ್ಟರೆ ಕಣ್ಣಿಗೆ ಎತ್ತರ ಕಾಣುತ್ತದೆ, ಸ್ಪ್ರಿಂಗ್ ಮಾತ್ರ ಕುಸಿಯುತ್ತಲೇ ಇರುತ್ತದೆ. ಸತ್ತ ಶಾಕ್ ಹಾಗೇ ಉಳಿಯುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಕಂಪನಿ ಎತ್ತರಕ್ಕಿಂತ 25ರಿಂದ 30 ಮಿ.ಮೀ. ಮಾತ್ರ ಜಾಸ್ತಿ ನಿಲ್ಲಿಸುವ ಹೊಸ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್. ಇವತ್ತಿನ ಎತ್ತರಕ್ಕೆ ಹೋಲಿಸಿದರೆ ಮುಂದೆ 2 ಇಂಚು ಬಂದೇ ಬಿಟ್ಟಿತು. ಆದರೆ ಗಾಡಿಯ ಕೋನಗಳ ಲೆಕ್ಕದಲ್ಲಿ ನೀವು ಏರಿದ್ದು ಬರೀ ಒಂದು ಇಂಚು. ಮೇಲಿನ ಆರ್ಮ್ ಬದಲಾಯಿಸುವ ಖರ್ಚು ಉಳಿಯಿತು, ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದೆ ಮುಂದೆ ವಾಲಿರುವ ಕೋನ) ಸಾಮಾನ್ಯವಾಗಿ ಅಲೈನ್‌ಮೆಂಟ್ ಮಿತಿಯೊಳಗೇ ಸಿಗುತ್ತದೆ.

ಹಿಂದಿನ ಸ್ಪ್ರಿಂಗ್ ಆರಿಸುವಾಗ ಎಚ್ಚರ. ಓಲ್ಡ್ ಮ್ಯಾನ್ ಈಮು ತರಹದ ಸಸ್ಪೆನ್ಷನ್ ಬ್ರ್ಯಾಂಡ್‌ನವರು ಒಂದೇ ಗಾಡಿಗೆ ಹೊರೆಯ ಪ್ರಕಾರ ಬೇರೆ ಬೇರೆ ಸ್ಪ್ರಿಂಗ್ ಕೊಡುತ್ತಾರೆ. ಯಾವಾಗಲೂ ಹಿಂದೆ ಭಾರ ಹೊರುವ ಗಾಡಿಗೆ ಮಾಡಿದ ಗಟ್ಟಿ ಸ್ಪ್ರಿಂಗನ್ನು ಖಾಲಿ ಓಡುವ ಗಾಡಿಗೆ ಹಾಕಿದರೆ ಎತ್ತರ ಚೆನ್ನಾಗಿಯೇ ಬರುತ್ತದೆ. ಆದರೆ ಕಲ್ಲಿನ ಏರಿನಲ್ಲಿ ಹಿಂಚಕ್ರ ಪುಟಿಯುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ನಿಮ್ಮದು ಹಿಂಚಕ್ರದ ಡ್ರೈವ್, ಹಿಂದೆ ಸ್ಪ್ರಿಂಗ್ ಮೆತ್ತಗಿದ್ದಷ್ಟೂ ಒಳ್ಳೆಯದು. ನಿಮ್ಮ ನಿಜವಾದ ಹೊರೆ ಎಷ್ಟು ಅಂತ ಯೋಚಿಸಿ ಆರಿಸಿ, ವರ್ಷಕ್ಕೊಮ್ಮೆ ಬರುವ ಹೊರೆಗಾಗಿ ಅಲ್ಲ.

ಹಿಂದೆ ಪ್ಯಾನ್‌ಹಾರ್ಡ್ ರಾಡ್ (ಆ್ಯಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಸ್‌ಗೆ ಹಿಡಿದಿಡುವ ಅಡ್ಡ ಸರಳು) ಇದ್ದರೆ ಎತ್ತರಿಸಿದಾಗ ಆ್ಯಕ್ಸಲ್ ಕೆಲವು ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಒಂದು ಇಂಚಿಗೆ ಅದರಿಂದ ತೊಂದರೆ ಇಲ್ಲ. ಎರಡು ಮೂರು ಇಂಚಾದರೆ ಉದ್ದ ಹೊಂದಿಸುವ ರಾಡ್ ಬೇಕಾಗುತ್ತದೆ.

ನೀಲಿ ಜೀಪು:
ಕುಸಿದ ಸ್ಪ್ರಿಂಗ್ ವಿಷಯ ಒಪ್ಪಿದೆ ಅಣ್ಣ. ನನ್ನ ಸ್ಪ್ರಿಂಗ್ ಹೊಸದಿತ್ತು, ಅದಕ್ಕೇ ಸ್ಪೇಸರ್ ಸಾಕಾಯಿತು. ಹಿಂದೆ ಲೀಫ್ ಸ್ಪ್ರಿಂಗ್ ಇರುವವರಿಗೆ ಏನು ಹೇಳುತ್ತೀರಿ?

ಹಳೇ ಸ್ಪ್ಯಾನರ್:
ಪ್ಲೇಟ್ ಚಪ್ಪಟೆಯಾಗಿದ್ದರೆ ಹೊಸ ಸೆಟ್ ಎಲ್ಲಕ್ಕಿಂತ ಒಳ್ಳೆಯದು. ಒಂದು ಪ್ಲೇಟ್ ಸೇರಿಸುವುದು ಕಡಿಮೆ ಖರ್ಚಿನ ದಾರಿ, ಸ್ವಲ್ಪ ಗಟ್ಟಿಯಾಗುತ್ತದೆ. ಉದ್ದ ಶ್ಯಾಕಲ್ (ಲೀಫ್ ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಹಾಕಿದರೆ ಹೆಚ್ಚಿಸಿದ ಉದ್ದದ ಸುಮಾರು ಅರ್ಧ ಎತ್ತರ ಸಿಗುತ್ತದೆ. ಆ್ಯಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಡುವುದು ಹಿಂದೆ ಮಾತ್ರ, ಅದೂ ಚಿಕ್ಕದು, ಹೊಸ ಉದ್ದ ಯು ಬೋಲ್ಟ್ ಜೊತೆ. ಬ್ಲಾಕ್ ಎತ್ತರವಾದಷ್ಟೂ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಆ್ಯಕ್ಸಲ್ ತಿರುಚಿಕೊಳ್ಳುತ್ತದೆ. ಮುಂದಿನ ಆ್ಯಕ್ಸಲ್‌ಗೆ ಬ್ಲಾಕ್ ಬೇಡವೇ ಬೇಡ.

ಬಾಡಿ ಲಿಫ್ಟ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ: ಅದರಿಂದ ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಚಾಸಿಸ್ ಅಲ್ಲೇ ಇರುತ್ತದೆ. ಹೊಟ್ಟೆ ಉಜ್ಜುವವರಿಗೆ ಪ್ರಯೋಜನವಿಲ್ಲ.

ಹೊಸಚಿಗುರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಮುಂಚಕ್ರದ ಡ್ರೈವ್ ಇರುವ ಸಣ್ಣ ಎಸ್‌ಯುವಿ. ಚಾಸಿಸ್ ಇಲ್ಲ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್. ಇದೇ ಸಲಹೆ ನನಗೂ ಅನ್ವಯಿಸುತ್ತದಾ?

ತೇವದ ಏರು:
ಟೈರ್, ಗಾಳಿಯ ಮಾತು ಪೂರ್ತಿ ಅನ್ವಯಿಸುತ್ತದೆ ಮೇಡಂ. ಎತ್ತರದ ಮಾತು ಅಷ್ಟಾಗಿ ಅಲ್ಲ. ನಿಮಗೆ ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ಸಿವಿ ಶಾಫ್ಟ್ ಇದೆ. ಎತ್ತರಿಸಿದಷ್ಟೂ ಅದರ ಕೋನ ಹೆಚ್ಚಿ ಜಾಯಿಂಟ್ ಮತ್ತು ರಬ್ಬರ್ ಬೂಟು ಬೇಗ ಸವೆಯುತ್ತವೆ. ಸ್ಟ್ರಟ್‌ನಲ್ಲಿ ಸ್ಪೇಸರ್ ದಪ್ಪ ಎಷ್ಟೋ ಲಿಫ್ಟೂ ಹೆಚ್ಚುಕಡಿಮೆ ಅಷ್ಟೇ, ಎರಡರಷ್ಟಾಗುವ ಲೆಕ್ಕ ಇಲ್ಲಿಲ್ಲ. 20ರಿಂದ 25 ಮಿ.ಮೀ. ದಾಟಬೇಡಿ ಅಂತ ನನ್ನ ಅಭಿಪ್ರಾಯ. ಟೈರ್ ದೊಡ್ಡದು ಮಾಡುವಾಗ ಸ್ಟ್ರಟ್ ಮೇಲಿನ ಸ್ಪ್ರಿಂಗ್ ತಟ್ಟೆಗೂ ಟೈರಿಗೂ ಎಷ್ಟು ಜಾಗ ಇದೆ ಅಂತ ಕೈ ಹಾಕಿ ನೋಡಿ, ಮೊದಲು ತಾಗುವುದು ಅಲ್ಲೇ. ಅದಕ್ಕಿಂತ ಮೊದಲು ಸಂಪ್ (ಎಂಜಿನ್ ಆಯಿಲ್ ನಿಲ್ಲುವ ತೊಟ್ಟಿ) ಕೆಳಗೆ ಗಟ್ಟಿಯಾದ ಲೋಹದ ರಕ್ಷಾ ತಟ್ಟೆ ಹಾಕಿಸಿ.

ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂಚಕ್ರದ ಡ್ರೈವ್‌ಗೆ ಅದು ಲಾಭ, ನಿಮಗೆ ನಷ್ಟ. ಜಾರುವ ಚಿಕ್ಕ ಏರನ್ನು ರಿವರ್ಸ್‌ನಲ್ಲಿ ಹತ್ತಿಸುವುದು ಹಳೆಯ ಉಪಾಯ. ದಾರಿ ಕಾಣುವಂತಿದ್ದರೆ, ಹೊರಗೆ ನಿಂತು ತೋರಿಸುವವರಿದ್ದರೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ.

ಇನ್ನೊಂದು. ಹಣ ಉಳಿಸಲು ಡ್ರೈವ್ ಚಕ್ರಗಳಿಗೆ ಮಾತ್ರ ಎರಡು ಹೊಸ ಟೈರ್ ಹಾಕುವವರು ಜಾಸ್ತಿ. ನಿಮ್ಮಂಥ ಗಾಡಿಯಲ್ಲಿ ಮುಂದೆ ಹೊಸದು, ಹಿಂದೆ ಸವೆದದ್ದು ಅಂತ ಮಾಡಿದರೆ ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗ ಜಾರಿ ತಿರುಗಿಬಿಡುತ್ತದೆ. ದಯವಿಟ್ಟು ನಾಲ್ಕೂ ಒಟ್ಟಿಗೆ ಬದಲಾಯಿಸಿ.

ಹೊಸಚಿಗುರು:
ಬಹಳ ಉಪಕಾರವಾಯಿತು. ಲಿಫ್ಟ್ ಯೋಚನೆ ಬಿಟ್ಟು ರಕ್ಷಾ ತಟ್ಟೆ ಮತ್ತು ಟೈರ್ ಕಡೆಗೆ ಹೋಗುತ್ತೇನೆ.

ಕೆಮ್ಮಣ್ಣು:
ಹಾಗಾದರೆ ನನಗೆ ಯಾವ ಬಗೆಯ ಟೈರ್? ಆಲ್ ಟೆರೇನ್ ಅಂತ ಎಲ್ಲರೂ ಹೇಳುತ್ತಾರೆ. ಅಂಗಡಿಯವರು ಎಲ್‌ಟಿ (ಲೈಟ್ ಟ್ರಕ್) ಟೈರೇ ಗಟ್ಟಿ, 10 ಪ್ಲೈ ತಗೊಳ್ಳಿ ಅನ್ನುತ್ತಾರೆ.

ತೇವದ ಏರು:
ಆಲ್ ಟೆರೇನ್ ಸರಿ. ಮಡ್ ಟೆರೇನ್ ಅಂಟು ಕೆಸರಿಗೆ ಮಾತ್ರ. ಟಾರ್ ಮೇಲೆ ಸದ್ದು, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತ ಕಡಿಮೆ, ಬೇಗ ಸವೆತ. ನಿಮ್ಮ ಓಟ ಜಾಸ್ತಿ ಟಾರ್ ಮೇಲೇ ಅಲ್ವಾ, ಬೇಡ.

10 ಪ್ಲೈ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್‌ಟಿ ಟೈರ್‌ಗಳಲ್ಲಿ ಲೋಡ್ ರೇಂಜ್ ಸಿ ಅಂದರೆ 6 ಪ್ಲೈ, ಡಿ ಅಂದರೆ 8, ಇ ಅಂದರೆ 10. ಈಗ ಒಳಗೆ ನಿಜವಾಗಿ ಅಷ್ಟು ಪದರ ಇರುವುದಿಲ್ಲ, ಅದು ಬಲದ ಅಳತೆ ಮಾತ್ರ. ಇ ರೇಂಜಿನದು ಭಾರ ಎಳೆಯುವ ದೊಡ್ಡ ಪಿಕಪ್‌ಗಳಿಗೆ. ನಿಮ್ಮ ಗಾಡಿಗೆ ಹಾಕಿದರೆ ಪ್ರತಿ ಚಕ್ರವೂ ಹಲವು ಕಿಲೋ ಭಾರವಾಗುತ್ತದೆ. ಎಂಜಿನ್ನಿಗೆ ಹೊರೆ, ಬ್ರೇಕಿಗೆ ಹೊರೆ, ಶಾಕಿಗೂ ಹೊರೆ. ಪಕ್ಕದ ಗೋಡೆ ಅಷ್ಟು ಗಟ್ಟಿ ಇದ್ದರೆ ಗಾಳಿ ಇಳಿಸಿದರೂ ಸುಲಭವಾಗಿ ಬಾಗುವುದಿಲ್ಲ. ನಮಗೆ ಬೇಕಾದ ಹಿಡಿತವೇ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ಅಂಗಡಿಯಲ್ಲಿ ಹೇಳುವುದೇ ಇಲ್ಲ. ಒಂದೇ ಅಳತೆಯ ಎಲ್‌ಟಿ ಟೈರ್ 35 ಪಿಎಸ್‌ಐನಲ್ಲಿ ಹೊರುವ ಭಾರ ಸಾಮಾನ್ಯ ಟೈರಿಗಿಂತ ಕಡಿಮೆ. ಅಷ್ಟೇ ಭಾರ ಹೊರಲು ಅದಕ್ಕೆ ಜಾಸ್ತಿ ಗಾಳಿ ಬೇಕು. ಬಾಗಿಲ ಪಕ್ಕದ ಸ್ಟಿಕರ್‌ನಲ್ಲಿರುವ ಸಂಖ್ಯೆ ಕಂಪನಿ ಟೈರಿಗೆ ಮಾತ್ರ. ಎಲ್‌ಟಿ ಹಾಕಿದರೆ ತಯಾರಕರ ಭಾರದ ಪಟ್ಟಿ ನೋಡಿಯೇ ಗಾಳಿ ಹಾಕಬೇಕು.

ಜಲ್ಲಿ, ಸಾಮಾನ್ಯ ಕಲ್ಲಿನ ದಾರಿಗೆ ಎಲ್‌ಟಿ ಅಲ್ಲದ ಆಲ್ ಟೆರೇನ್ ಸಾಕು. ಚೂಪು ಕಲ್ಲು ಜಾಸ್ತಿ ಇದ್ದು ಪಕ್ಕದ ಗೋಡೆ ಹರಿಯುವ ಭಯ ಇದ್ದರೆ ಸಿ ರೇಂಜ್. ಲೋಡ್ ಇಂಡೆಕ್ಸ್ ನಿಮ್ಮ ಕಂಪನಿ ಟೈರಿಗಿಂತ ಕಡಿಮೆ ಇರಬಾರದು. 112 ಅಂದರೆ ಒಂದು ಟೈರಿಗೆ 1120 ಕೆ.ಜಿ. ಪಕ್ಕದಲ್ಲಿ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಿಯಾಯಿತಿಯಲ್ಲಿ ಬರುವ ಟೈರ್ ಎಷ್ಟು ಹಳೆಯದು ಅಂತ ಅಲ್ಲೇ ಗೊತ್ತಾಗುತ್ತದೆ.

ಹಳೇ ಸ್ಪ್ಯಾನರ್:
ಅಳತೆಯ ಬಗ್ಗೆ ನಾನು ಸೇರಿಸುತ್ತೇನೆ. 265/70 ಹಾಕಿದರೆ ಸ್ಪೀಡೋಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 3.4ರಷ್ಟು ಜಾಸ್ತಿ ಓಡುತ್ತಿರುತ್ತದೆ. ಗೇರ್ ಅಷ್ಟೇ ಉದ್ದವಾದಂತೆ, ಏರಿನಲ್ಲಿ ಸ್ವಲ್ಪ ಮಂದ ಅನ್ನಿಸುತ್ತದೆ. ಲೋ ರೇಂಜ್ (ನಿಧಾನ, ಹೆಚ್ಚು ಬಲದ ಗೇರ್) ಇಲ್ಲದ ಗಾಡಿಗೆ ಇದು ಲೆಕ್ಕಕ್ಕೆ ಬರುವ ವಿಷಯ. ಎಂಜಿನ್ ಚೆನ್ನಾಗಿದ್ದರೆ ಈ ಒಂದು ಮೆಟ್ಟಿಲು ಪರವಾಗಿಲ್ಲ, ಅದರ ಮೇಲೆ ಬೇಡ.

ಹಣ ಕೊಡುವ ಮೊದಲು ಒಂದು ಟೈರನ್ನು ಮುಂದೆ ಕೂರಿಸಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಲು ಕೇಳಿ. ಸಾಮಾನ್ಯವಾಗಿ ತಾಗುವುದು ಚಕ್ರದ ಹಿಂದಿನ ಪ್ಲಾಸ್ಟಿಕ್ ಹೊದಿಕೆಗೆ ಅಥವಾ ಬಾಡಿ ಮೌಂಟಿಗೆ. ಲಿಫ್ಟ್ ಹಾಕಿದರೆ ತಾಗುವುದಿಲ್ಲ ಅಂತ ನಂಬಬೇಡಿ. ಗುಂಡಿಯಲ್ಲಿ ಸಸ್ಪೆನ್ಷನ್ ಪೂರ್ತಿ ಒತ್ತಿದಾಗ ಚಕ್ರ ಮೊದಲಿನ ಜಾಗಕ್ಕೇ ಹೋಗುತ್ತದೆ, ಅದನ್ನು ತಡೆಯುವುದು ಬಂಪ್ ಸ್ಟಾಪ್ (ಸಸ್ಪೆನ್ಷನ್ ಮೇಲೇರುವುದನ್ನು ನಿಲ್ಲಿಸುವ ರಬ್ಬರ್ ತುಂಡು) ಮಾತ್ರ. ರಿಮ್ ಬದಲಾಯಿಸಬೇಡಿ. ಆಫ್‌ಸೆಟ್ ಕಡಿಮೆ ಇರುವ, ಹೊರಗೆ ಚಾಚುವ ರಿಮ್ ಹಾಕಿದರೆ ತಾಗುವುದು ಹೆಚ್ಚುತ್ತದೆ, ವೀಲ್ ಬೇರಿಂಗಿಗೂ ಹೊರೆ.

ಕೆಮ್ಮಣ್ಣು:
ಸರಿ, ನಿರ್ಧಾರ ಹೀಗೆ. ಈಗ ನಾಲ್ಕು ಆಲ್ ಟೆರೇನ್, 265/70 ಆರ್17, ಎಲ್‌ಟಿ ಅಲ್ಲದ್ದು. ತಾಗಿದರೆ 265/65ರಲ್ಲೇ ಉಳಿಯುತ್ತೇನೆ. ಜೊತೆಗೆ ಗಾಳಿ ಪಂಪ್, ಗಾಳಿ ಅಳೆಯುವ ಗೇಜ್. ಮುಂದಿನ ಹಂತದಲ್ಲಿ ಸ್ಪ್ರಿಂಗ್ ಮತ್ತು ಶಾಕ್, ಕಂಪನಿ ಎತ್ತರಕ್ಕಿಂತ ಒಂದು ಇಂಚು ಮಾತ್ರ. ಸ್ಪ್ರಿಂಗ್ ಹಾಕಿಸುವಾಗ ಮೆಕ್ಯಾನಿಕ್‌ಗೆ ಏನು ಹೇಳಬೇಕು? ಇನ್ನೊಂದು ಪ್ರಶ್ನೆ, ಸ್ಟೆಪ್ನಿಗೆ ಐದನೇ ಟೈರ್ ಕೊಳ್ಳಲೇಬೇಕಾ?

ಹಳೇ ಸ್ಪ್ಯಾನರ್:
ಒಳ್ಳೆಯ ನಿರ್ಧಾರ. ಟೈರ್, ಎತ್ತರ ಎರಡರ ಬದಲಾವಣೆಗೂ ನಿಮ್ಮಲ್ಲಿರುವ ನೋಂದಣಿ ನಿಯಮ, ವಿಮೆಯ ಷರತ್ತು ಒಮ್ಮೆ ನೋಡಿಕೊಳ್ಳಿ.

ಮೆಕ್ಯಾನಿಕ್‌ಗೆ ಮುಖ್ಯವಾಗಿ ಇದನ್ನು ಹೇಳಿ: ಆರ್ಮ್‌ಗಳ ರಬ್ಬರ್ ಬುಶ್ ಬೋಲ್ಟ್‌ಗಳನ್ನು ಚಕ್ರ ಜೋತಾಡುವಾಗ ಬಿಗಿ ಮಾಡಬಾರದು. ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸ್ಪ್ರಿಂಗ್ ಬಿಚ್ಚಲು ಸರಿಯಾದ ಕಂಪ್ರೆಸರ್ ಇರುವ ಕಡೆಯೇ ಹೋಗಿ. ಒತ್ತಿದ ಸ್ಪ್ರಿಂಗ್ ಚಿಮ್ಮಿದರೆ ಜೀವಕ್ಕೇ ಅಪಾಯ, ಮನೆಯಲ್ಲಿ ಪ್ರಯತ್ನಿಸಬೇಡಿ. ಕೆಲಸ ಮುಗಿದ ಮೇಲೆ ಚಕ್ರ ಪೂರ್ತಿ ಕೆಳಗೆ ಜೋತಾಡುವಂತೆ ಎತ್ತಿ, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಬಿಗಿಯಾಗಿ ಎಳೆದುಕೊಂಡಿಲ್ಲ ಅಂತ ನೋಡಿ. ಆಮೇಲೆ ಅಲೈನ್‌ಮೆಂಟ್. ಹೆಡ್‌ಲೈಟ್ ಕೂಡ ಕೆಳಗಿಳಿಸಿ ಹೊಂದಿಸಬೇಕು, ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್ ಮತ್ತು ಸಸ್ಪೆನ್ಷನ್ ಬೋಲ್ಟ್ ಮತ್ತೆ ಬಿಗಿ ನೋಡಿಸಿ.

ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಜಾಸ್ತಿ ವಾಲುತ್ತದೆ. ಮೊದಲ ಕೆಲವು ದಿನ ನಿಧಾನವಾಗಿ ಓಡಿಸಿ ಅಭ್ಯಾಸ ಮಾಡಿಕೊಳ್ಳಿ.

ತೇವದ ಏರು:
ಸ್ಟೆಪ್ನಿಗೆ ಉತ್ತರ: ಐದು ಕೊಳ್ಳಲು ಆದರೆ ಒಳ್ಳೆಯದು. ಗಾಡಿಯ ಕೆಳಗೆ ಸ್ಟೆಪ್ನಿ ಇದ್ದರೆ 803 ಮಿ.ಮೀ. ಟೈರ್ ಅಲ್ಲಿ ಕೂರುತ್ತದಾ ಅಂತ ಮೊದಲು ಅಳೆಯಿರಿ. ಈಗ ಆಗದಿದ್ದರೆ ಹಳೆಯದರಲ್ಲಿ ಚೆನ್ನಾಗಿರುವ ಒಂದನ್ನು ಇಟ್ಟುಕೊಳ್ಳಿ. ಆದರೆ ಅದನ್ನು ಹಿಂದೆ ಹಾಕಬೇಡಿ. ಎರಡು ಹಿಂಚಕ್ರಗಳ ವ್ಯಾಸ ಬೇರೆಯಾದರೆ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಒಳಗಿನ ಗೇರ್‌ಗಳು ತಿರುಗುತ್ತಲೇ ಇದ್ದು ಬಿಸಿಯಾಗುತ್ತವೆ. ಹಿಂದೆ ಪಂಕ್ಚರ್ ಆದರೆ ಮುಂದಿನ ಒಂದು ದೊಡ್ಡ ಚಕ್ರವನ್ನು ಹಿಂದಕ್ಕೆ ಹಾಕಿ, ಚಿಕ್ಕದನ್ನು ಮುಂದೆ ಹಾಕಿ. ಕೆಲಸ ಸ್ವಲ್ಪ ಜಾಸ್ತಿ, ಆದರೆ ಮುಂದೆ ಡ್ರೈವ್ ಇಲ್ಲದ್ದರಿಂದ ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಹೋಗಬಹುದು.

ಕೆಮ್ಮಣ್ಣು:
ಸ್ಟೆಪ್ನಿ ಕೆಳಗೇ ಇದೆ, ನಾಳೆ ಅಳೆಯುತ್ತೇನೆ. ಟೈರ್ ಕೂರಿಸಿ ಸ್ಟೀರಿಂಗ್ ತಿರುಗಿಸಿ ನೋಡಿದ ಮೇಲೆ ಎಲ್ಲಿ ತಾಗಿತು, ಎಲ್ಲಿ ಇಲ್ಲ ಅಂತ ಇಲ್ಲೇ ಬರೆಯುತ್ತೇನೆ.

ಹಳೇ ಸ್ಪ್ಯಾನರ್:
ಬರೆಯಿರಿ. ಸ್ಪ್ರಿಂಗ್ ಹಾಕಿಸಿದ ಮೇಲೆ ಅಲೈನ್‌ಮೆಂಟ್ ಕಾಗದದ ಫೋಟೋ ಕೂಡ ಹಾಕಿ. ಎಡ ಬಲ ಕ್ಯಾಸ್ಟರ್ ಎಷ್ಟು ಬಂತು ಅಂತ ನೋಡಿ ಹೇಳುತ್ತೇನೆ.